ಬೇರೆ ಕಂಪ್ಯೂಟರಿಗೆ ಹಾಕಿದ ಡಿಸ್ಕ್ ಯಾಕೆ ಬೂಟ್ ಆಗುವುದಿಲ್ಲ?



ಪ್ರಾಕ್ಟಿಕಲ್ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಲ್ಲುವವರು ಪಠ್ಯದ ಪ್ರಶ್ನೆಗಿಂತ ಮನೆಯ ಕಂಪ್ಯೂಟರಿನ ಪ್ರಶ್ನೆಯನ್ನೇ ಹೆಚ್ಚು ಕೇಳುತ್ತಾರೆ. ಅದರಲ್ಲಿ ಒಂದು ಪ್ರಶ್ನೆ ಈ ವರ್ಷ ಮತ್ತೆ ಮತ್ತೆ ಬಂತು. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಹೋಯಿತು, ಹಾರ್ಡ್ ಡಿಸ್ಕ್ ಚೆನ್ನಾಗಿದೆ, ಅದನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ವಿಂಡೋಸ್ ಬರುವುದಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಇಂಗ್ಲಿಷ್ ಕಾಣುತ್ತದೆ, ಇಲ್ಲವೇ ನೀಲಿ ಪರದೆ. ರಿಪೇರಿಯವರ ಹತ್ತಿರ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಫಾರ್ಮ್ಯಾಟ್ ಮಾಡ್ಬೇಕು."

ಬಹಳಷ್ಟು ಸಲ ಫಾರ್ಮ್ಯಾಟ್ ಮಾಡಬೇಕಾಗಿಲ್ಲ. ಡಿಸ್ಕ್ ಕೆಟ್ಟಿಲ್ಲ, ಅದರೊಳಗಿನ ವಿಂಡೋಸ್ ಕೂಡ ಕೆಟ್ಟಿಲ್ಲ. ಕಂಪ್ಯೂಟರ್ ಶುರುವಾಗುವ ದಾರಿಯಲ್ಲಿ ಯಾವುದೋ ಒಂದು ಹೆಜ್ಜೆ ಹೊಸ ಯಂತ್ರಕ್ಕೆ ಹೊಂದಿಕೆಯಾಗುತ್ತಿಲ್ಲ, ಅಷ್ಟೆ. ಯಾವ ಹೆಜ್ಜೆಯಲ್ಲಿ ನಿಂತಿದೆ ಎಂದು ತಿಳಿದರೆ ಆ ಒಂದನ್ನು ಮಾತ್ರ ಸರಿಪಡಿಸಿದರೆ ಸಾಕು. ಅದನ್ನು ಗುರುತಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಯಂತ್ರ ಬದಲಾಯಿಸುವವರು ಹೆಚ್ಚಾಗಿದ್ದಾರೆ. ಹಾಗಾಗಿ ಈ ತೊಂದರೆ ನಿಮ್ಮ ಮನೆಗೂ ಬರಬಹುದು.

ಮೊದಲು ಫೈಲುಗಳು

ಏನೇ ಮಾಡುವ ಮುಂಚೆ ಡಿಸ್ಕಿನಲ್ಲಿರುವ ಫೈಲುಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಅಡಾಪ್ಟರ್ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್ ಆದರೆ ಹೊರಗಿನಿಂದ ಬೇರೆ ಕರೆಂಟ್ ಕೊಡುವ ಅಡಾಪ್ಟರೇ ಬೇಕು. ಡಿಸ್ಕನ್ನು ಸರಿಯಾಗಿ ನಡೆಯುವ ಕಂಪ್ಯೂಟರಿಗೆ ಹೀಗೆ ಜೋಡಿಸಿದರೆ ಅದು ಪೆನ್‌ಡ್ರೈವಿನಂತೆ ತೆರೆದುಕೊಳ್ಳುತ್ತದೆ. ಬೂಟ್ ಆಗದ ಡಿಸ್ಕಿನಿಂದಲೂ ಫೋಟೊ, ಪಾಠದ ಟಿಪ್ಪಣಿ, ಲೆಕ್ಕಪತ್ರ ಎಲ್ಲ ಹೀಗೆ ಹೊರಬರುತ್ತವೆ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹತ್ತು ವರ್ಷದ ಫೋಟೊಗಳು ಹೋಗಿವೆ.

ಡಿಸ್ಕ್ ಜೋಡಿಸಿದಾಗ "ಬಳಸುವ ಮುಂಚೆ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂದು ವಿಂಡೋಸ್ ಕೇಳಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ "ಇನಿಶಿಯಲೈಸ್ ಮಾಡಲೇ?" ಎಂದೂ ಕೇಳಬಹುದು. ಎರಡಕ್ಕೂ ಬೇಡ ಎಂದೇ ಹೇಳಬೇಕು. ವಿಂಡೋಸಿಗೆ ಓದಲು ಬಾರದ ಪಾರ್ಟಿಷನ್ ಕಂಡರೆ, ಉದಾಹರಣೆಗೆ ಲಿನಕ್ಸ್‌ನದ್ದು, ಅದು ಹೀಗೆ ಕೇಳುತ್ತದೆ. ಪ್ರಶ್ನೆ ಬಂದ ಮಾತ್ರಕ್ಕೆ ಡಿಸ್ಕ್ ಖಾಲಿ ಎಂದು ಅರ್ಥವಲ್ಲ.

ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದು ನೀವಾಗಿಯೇ ಡಿಸ್ಕ್ ಬದಲಾಯಿಸುವುದಾದರೆ ಇನ್ನೊಂದು ಮಾತು. ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಎಂಬುದಿದೆ. ಶಟ್‌ಡೌನ್ ಒತ್ತಿದಾಗ ಕಂಪ್ಯೂಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಹೀಗೆ ಮಲಗಿದ ಡಿಸ್ಕನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿದರೆ ಗೊಂದಲವೇ ಆಗುತ್ತದೆ, ಏಕೆಂದರೆ ಬರೆದಿಟ್ಟದ್ದು ಹಳೆಯ ಯಂತ್ರದ ನೆನಪು. ಆದ್ದರಿಂದ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಆಗ ಪೂರ್ತಿ ಮುಚ್ಚುತ್ತದೆ.

ಡಿಸ್ಕನ್ನು ಇಬ್ಬರು ಓದುತ್ತಾರೆ

ಈಗ ವಿಷಯಕ್ಕೆ ಬರೋಣ. ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಡಿಸ್ಕಿನಲ್ಲಿರುವ ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಹಳೆಯದಾದರೆ ಅದಕ್ಕೆ ಬಯೋಸ್ ಎನ್ನುತ್ತೇವೆ, ಹೊಸದಾದರೆ ಯುಇಎಫ್ಐ. ಅದು ಡಿಸ್ಕಿನಲ್ಲಿರುವ ಬೂಟ್ ಪ್ರೋಗ್ರಾಮನ್ನು ಹುಡುಕಿ ಮೆಮೊರಿಗೆ ತರುತ್ತದೆ. ಬೂಟ್ ಪ್ರೋಗ್ರಾಮ್ ಕರ್ನಲ್ಲನ್ನೂ ಕೆಲವು ಡ್ರೈವರುಗಳನ್ನೂ ಮೆಮೊರಿಗೆ ತರುತ್ತದೆ. ಇಲ್ಲಿಯವರೆಗೆ ಡಿಸ್ಕನ್ನು ಓದಿಕೊಟ್ಟದ್ದು ಫರ್ಮ್‌ವೇರ್. ಇಲ್ಲಿಂದ ಮುಂದೆ ಕರ್ನಲ್ ಎದ್ದು, ಫರ್ಮ್‌ವೇರಿನ ಸಹಾಯ ಬಿಟ್ಟು, ತನ್ನದೇ ಡ್ರೈವರಿನಿಂದ ಅದೇ ಡಿಸ್ಕನ್ನು ಮತ್ತೊಮ್ಮೆ ಹುಡುಕಬೇಕು.

ಈ "ಮತ್ತೊಮ್ಮೆ" ಎಂಬ ಪದದ ಕೆಳಗೆ ಗೆರೆ ಎಳೆದುಕೊಳ್ಳಿ. ಒಂದೇ ಡಿಸ್ಕನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಓದುತ್ತಾರೆ. ಮೊದಲನೆಯವನು ಸೋತರೆ ಕಪ್ಪು ಪರದೆಯಲ್ಲಿ "ಬೂಟ್ ಮಾಡಬಹುದಾದ ಸಾಧನ ಸಿಗಲಿಲ್ಲ" ಎಂಬ ಅರ್ಥದ ಸಂದೇಶ ಬರುತ್ತದೆ, ಅಥವಾ ಕಂಪ್ಯೂಟರ್ ನೇರವಾಗಿ ಸೆಟಪ್ ಪರದೆಗೆ ಹೋಗಿ ಕೂರುತ್ತದೆ. ಎರಡನೆಯವನು ಸೋತರೆ ವಿಂಡೋಸ್ ಗುರುತು ಕಾಣಿಸಿಕೊಂಡು ಆಮೇಲೆ ನೀಲಿ ಪರದೆ ಬರುತ್ತದೆ. ವಿಂಡೋಸ್ ಗುರುತು ಕಂಡಿತೋ ಇಲ್ಲವೋ ಎಂಬುದನ್ನು ನೋಡಿದರೇ ಅರ್ಧ ರೋಗ ತಿಳಿದಂತೆ. ಪ್ರಶ್ನೆ ಕೇಳಲು ಬರುವವರು ಪರದೆಯ ಫೋಟೊ ತಂದರೆ ನನಗೆ ಖುಷಿಯಾಗುವುದು ಇದಕ್ಕೇ.

ಒಂದು ಸಣ್ಣ ಹೆಜ್ಜೆ ಇವೆಲ್ಲಕ್ಕಿಂತ ಮುಂಚೆಯೇ ಇದೆ. ಸೆಟಪ್ ಪರದೆಯ ಡಿಸ್ಕುಗಳ ಪಟ್ಟಿಯಲ್ಲಿ ನಿಮ್ಮ ಡಿಸ್ಕಿನ ಹೆಸರೇ ಕಾಣದಿದ್ದರೆ ಮುಂದಿನದ್ದೆಲ್ಲ ವ್ಯರ್ಥ. ಕೇಬಲ್ ಬದಲಿಸಿ, ಬೇರೆ ಸಾಟಾ ಪೋರ್ಟಿಗೆ ಹಾಕಿ ನೋಡಿ. ಚ್ಯೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡಿಸ್ಕ್ ಆದರೆ ಅದರಲ್ಲಿ ಎರಡು ಜಾತಿ ಇವೆ, ಸಾಟಾ ಮತ್ತು ಎನ್‌ವಿಎಂಇ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಥರ, ಒಂದೇ ಸ್ಲಾಟಿನಲ್ಲಿ ಕೂರುವುದೂ ಉಂಟು. ಆದರೆ ಎನ್‌ವಿಎಂಇಗೆ ಮಾತ್ರ ಮೀಸಲಾದ ಸ್ಲಾಟಿಗೆ ಸಾಟಾ ಜಾತಿಯದ್ದನ್ನು ಹಾಕಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಪ್ಪು ಪರದೆ: ಬಯೋಸ್ ಮತ್ತು ಯುಇಎಫ್ಐ

ಬಯೋಸ್ ಕಾಲದ ಪದ್ಧತಿ ಸರಳ. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ 512 ಬೈಟುಗಳಿವೆ. ಇದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್ ಎಂದು ಹೆಸರು. ಅದರಲ್ಲಿ 446 ಬೈಟು ಪ್ರೋಗ್ರಾಮಿಗೆ, 64 ಬೈಟು ಪಾರ್ಟಿಷನ್ ಪಟ್ಟಿಗೆ, ಕೊನೆಯ 2 ಬೈಟು ಗುರುತಿಗೆ. ಪಟ್ಟಿಯಲ್ಲಿ ಒಂದೊಂದು ಪಾರ್ಟಿಷನ್ನಿಗೆ 16 ಬೈಟು, ಆದ್ದರಿಂದ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಸಾಧ್ಯವಿಲ್ಲ. ಲೆಕ್ಕ ನೀವೇ ಮಾಡಿ ನೋಡಿ. ಸೆಕ್ಟರ್ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುವುದರಿಂದ ಸುಮಾರು 2 ಟೆರಾಬೈಟಿನ ಆಚೆಗೆ ಈ ಪದ್ಧತಿ ತಲುಪುವುದಿಲ್ಲ. 2ರ 32ನೇ ಘಾತವನ್ನು 512ರಿಂದ ಗುಣಿಸಿದರೆ ಆ ಉತ್ತರ ಬರುತ್ತದೆ. ಬಯೋಸ್ ಮಾಡುವುದಿಷ್ಟೆ: ಮೊದಲ ಸೆಕ್ಟರನ್ನು ಓದಿ, ಗುರುತು ಸರಿಯಿದ್ದರೆ ಅದರಲ್ಲಿರುವ ಪ್ರೋಗ್ರಾಮನ್ನು ಓಡಿಸುತ್ತದೆ.

ಯುಇಎಫ್ಐ ಆ ಮೊದಲ ಸೆಕ್ಟರಿನ ಪ್ರೋಗ್ರಾಮನ್ನು ಮುಟ್ಟುವುದೇ ಇಲ್ಲ. ಅದು ಡಿಸ್ಕಿನಲ್ಲಿ 'ಇಎಫ್ಐ ಸಿಸ್ಟಂ ಪಾರ್ಟಿಷನ್' ಎಂಬ ಚಿಕ್ಕ ಪಾರ್ಟಿಷನ್ನನ್ನು ಹುಡುಕುತ್ತದೆ. ಇದು ಸಾಮಾನ್ಯವಾಗಿ ಫ್ಯಾಟ್ 32 ರೂಪದಲ್ಲಿರುತ್ತದೆ, ಇದರೊಳಗೆ ಬೂಟ್ ಪ್ರೋಗ್ರಾಮ್ ಒಂದು ಸಾಮಾನ್ಯ ಫೈಲಿನಂತೆ ಕೂತಿರುತ್ತದೆ. ಇಂಥ ಡಿಸ್ಕಿನ ಪಾರ್ಟಿಷನ್ ಪಟ್ಟಿಯ ಪದ್ಧತಿಗೆ ಜಿಪಿಟಿ ಎಂದು ಹೆಸರು.

ಈಗ ತೊಂದರೆ ಎಲ್ಲಿ ಹುಟ್ಟುತ್ತದೆ ಎಂದು ನಿಮಗೇ ಹೊಳೆದಿರಬೇಕು. ಬಯೋಸ್ ಕಾಲದಲ್ಲಿ ವಿಂಡೋಸ್ ಹಾಕಿದ ಎಂಬಿಆರ್ ಡಿಸ್ಕನ್ನು ಯುಇಎಫ್ಐ ಯಂತ್ರಕ್ಕೆ ಹಾಕಿದರೆ, ಅದು ಹುಡುಕುವ ಪಾರ್ಟಿಷನ್ ಅಲ್ಲಿ ಇಲ್ಲವೇ ಇಲ್ಲ. ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತದೆ, ಬೂಟ್ ಆಗುವುದಿಲ್ಲ. ಅನೇಕ ಯಂತ್ರಗಳ ಸೆಟಪ್‌ನಲ್ಲಿ 'ಲೆಗಸಿ' ಅಥವಾ 'ಸಿಎಸ್ಎಂ' ಎಂಬ ಆಯ್ಕೆ ಇರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿ ಅದನ್ನು ಆನ್ ಮಾಡಿದರೆ ಯುಇಎಫ್ಐ ಹಳೆಯ ಬಯೋಸಿನಂತೆ ನಡೆದುಕೊಳ್ಳುತ್ತದೆ, ಡಿಸ್ಕ್ ಬೂಟ್ ಆಗುತ್ತದೆ. ಈ ಆಯ್ಕೆಯನ್ನು ಕ್ರಮೇಣ ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಹೇಳಿತ್ತು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಸಿಗದಿರಬಹುದು.

ಆಯ್ಕೆ ಇಲ್ಲದಿದ್ದರೆ ಡಿಸ್ಕನ್ನೇ ಜಿಪಿಟಿಗೆ ಬದಲಾಯಿಸಬೇಕು. ಇದಕ್ಕೂ ಫಾರ್ಮ್ಯಾಟ್ ಬೇಡ. ವಿಂಡೋಸ್ 10ರ 1703ನೇ ಆವೃತ್ತಿಯಿಂದ 'ಎಂಬಿಆರ್ ಟು ಜಿಪಿಟಿ' ಎಂಬ ಉಪಕರಣ ವಿಂಡೋಸಿನಲ್ಲೇ ಇದೆ. ಮೊದಲು ಅದರ ಪರೀಕ್ಷೆಯ ಆಜ್ಞೆ ಕೊಟ್ಟು, ಪರೀಕ್ಷೆ ಪಾಸಾದರೆ ಮಾತ್ರ ಬದಲಾವಣೆಯ ಆಜ್ಞೆ ಕೊಡಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ, ಏಕೆಂದರೆ ಇಎಫ್ಐ ಪಾರ್ಟಿಷನ್ನಿಗೂ ಒಂದು ಜಾಗ ಬೇಕಲ್ಲ. ನಿಮ್ಮ ಡಿಸ್ಕ್ ಯಾವ ಜಾತಿ ಎಂದು ತಿಳಿಯಲು ಅದನ್ನು ನಡೆಯುವ ವಿಂಡೋಸ್ ಯಂತ್ರಕ್ಕೆ ಜೋಡಿಸಿ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು 'ವಾಲ್ಯೂಮ್ಸ್' ಪುಟ ನೋಡಿ. ಎಂಬಿಆರ್ ಅಥವಾ ಜಿಪಿಟಿ ಎಂದು ಅಲ್ಲೇ ಬರೆದಿರುತ್ತದೆ.

ಎರಡೂ ಕಡೆ ಯುಇಎಫ್ಐ ಇದ್ದರೂ ಬೂಟ್ ಆಗದಿರುವುದುಂಟು. ಇದು ಹುಡುಗರನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ವಿಷಯ. "ಇಂಥ ಡಿಸ್ಕಿನ ಇಂಥ ಪಾರ್ಟಿಷನ್ನಿನಲ್ಲಿರುವ ಇಂಥ ಫೈಲನ್ನು ಓಡಿಸು" ಎಂಬ ನಮೂದನ್ನು ಯುಇಎಫ್ಐ ಬರೆದಿಟ್ಟುಕೊಳ್ಳುವುದು ಮದರ್‌ಬೋರ್ಡಿನ ನೆನಪಿನಲ್ಲಿ, ಡಿಸ್ಕಿನಲ್ಲಿ ಅಲ್ಲ. ಡಿಸ್ಕ್ ಕಿತ್ತು ತಂದಾಗ ನಮೂದು ಹಳೆಯ ಮದರ್‌ಬೋರ್ಡಿನಲ್ಲೇ ಉಳಿಯಿತು. ಮನೆ ಬದಲಿಸಿದವರ ವಿಳಾಸ ಹೊಸ ಬೀದಿಯ ಪೋಸ್ಟ್‌ಮ್ಯಾನಿಗೆ ಗೊತ್ತಿಲ್ಲದ ಹಾಗೆ. ಇಂಥ ಸಂದರ್ಭಕ್ಕೆಂದೇ ಯುಇಎಫ್ಐ ಒಂದು ನಿಗದಿತ ಜಾಗವನ್ನು ಇಣುಕಿ ನೋಡುತ್ತದೆ: ಇಎಫ್ಐ ಫೋಲ್ಡರಿನೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ 'ಬೂಟ್ ಎಕ್ಸ್64' ಎಂಬ ಫೈಲ್. ವಿಂಡೋಸ್ ತನ್ನ ಬೂಟ್ ಪ್ರೋಗ್ರಾಮಿನ ಒಂದು ನಕಲನ್ನು ಅಲ್ಲೂ ಇಡುವುದರಿಂದ ಹೆಚ್ಚಿನ ಸಲ ನಡೆದುಹೋಗುತ್ತದೆ. ಆ ಫೈಲ್ ಇಲ್ಲದಿದ್ದರೆ ಅಥವಾ ಫರ್ಮ್‌ವೇರ್ ಅದನ್ನು ನೋಡದಿದ್ದರೆ ಸೆಟಪ್ ಪರದೆಯಲ್ಲಿ ಹೊಸ ಬೂಟ್ ನಮೂದನ್ನು ಕೈಯಿಂದ ಸೇರಿಸಬಹುದು. ಆ ಸೌಲಭ್ಯವಿಲ್ಲದ ಯಂತ್ರವಾದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಎದ್ದು, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ 'ಬಿಸಿಡಿಬೂಟ್' ಆಜ್ಞೆ ಕೊಡಬೇಕು. ಅದಕ್ಕೆ ಮೂರು ವಿಷಯ ಹೇಳಿದರೆ ಸಾಕು: ವಿಂಡೋಸ್ ಫೋಲ್ಡರ್ ಎಲ್ಲಿದೆ, ಇಎಫ್ಐ ಪಾರ್ಟಿಷನ್ನಿಗೆ ಕೊಟ್ಟ ಅಕ್ಷರ ಯಾವುದು, ಬೂಟ್ ಮಾಡುವುದು ಯುಇಎಫ್ಐಗೋ ಬಯೋಸಿಗೋ. ರಿಪೇರಿ ವಿಭಾಗದಲ್ಲಿ ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಆಗಿರಬಹುದು, ಮೊದಲು ಪಟ್ಟಿ ತೆಗೆದು ನೋಡಿಕೊಳ್ಳಿ. ಆಜ್ಞೆಗಳನ್ನು ಅಕ್ಷರ ತಪ್ಪದೆ ಬರೆದ ಹಾಳೆಯನ್ನು ಲ್ಯಾಬಿನ ಬಾಗಿಲ ಪಕ್ಕದ ಬೋರ್ಡಿನಲ್ಲಿ ಅಂಟಿಸಿದ್ದೇನೆ, ನಕಲು ಮಾಡಿಕೊಳ್ಳಬಹುದು.

ಇನ್ನೊಂದು ಕಾರಣವನ್ನು ಯಾರೂ ಊಹಿಸುವುದಿಲ್ಲ. ಹಳೆಯ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದಿರಬಹುದು. ಮೊದಲೇ ಒಂದು ಹಾರ್ಡ್ ಡಿಸ್ಕ್ ಇದ್ದ ಕಂಪ್ಯೂಟರಿಗೆ ಆಮೇಲೆ ಎಸ್ಎಸ್‌ಡಿ ಹಾಕಿಸಿ ಅದರಲ್ಲಿ ವಿಂಡೋಸ್ ಹಾಕಿದಾಗ, ಹಾರ್ಡ್ ಡಿಸ್ಕಿನಲ್ಲಿ ಆಗಲೇ ಬೂಟ್ ಪಾರ್ಟಿಷನ್ ಇದ್ದರೆ ಇನ್‌ಸ್ಟಾಲ್ ಪ್ರೋಗ್ರಾಮ್ ಅದನ್ನೇ ಬಳಸಿಕೊಳ್ಳುತ್ತದೆ. ಆಗ ವಿಂಡೋಸ್ ಎಸ್ಎಸ್‌ಡಿಯಲ್ಲಿ, ಬೂಟ್ ಫೈಲುಗಳು ಹಾರ್ಡ್ ಡಿಸ್ಕಿನಲ್ಲಿ. ಎಸ್ಎಸ್‌ಡಿಯನ್ನು ಮಾತ್ರ ತಂದರೆ ಏನು ಮಾಡಿದರೂ ಏಳುವುದಿಲ್ಲ. ಪಾರ್ಟಿಷನ್ ಪಟ್ಟಿ ನೋಡಿದರೆ ಸಿ ಡ್ರೈವ್ ಇದೆ, ಚಿಕ್ಕ ಪಾರ್ಟಿಷನ್ ಇಲ್ಲ. ಸಿ ಡ್ರೈವನ್ನು ಕೆಲವು ನೂರು ಮೆಗಾಬೈಟಿನಷ್ಟು ಕುಗ್ಗಿಸಿ, ಆ ಜಾಗದಲ್ಲಿ ಹೊಸ ಇಎಫ್ಐ ಪಾರ್ಟಿಷನ್ ಮಾಡಿ, ಮೇಲೆ ಹೇಳಿದ ಬಿಸಿಡಿಬೂಟ್ ಆಜ್ಞೆ ಕೊಟ್ಟರೆ ಸರಿಹೋಗುತ್ತದೆ.

ನೀಲಿ ಪರದೆ: ಒಂದು ಡಿಟಿಪಿ ಅಂಗಡಿಯ ಡಿಸ್ಕ್

ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಒಂದು ದಿನ ಟವೆಲಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ತಂದ. ಅವನ ತಂದೆಯದ್ದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿ ಯಂತ್ರ ನಿಂತುಹೋಗಿತ್ತು. "ಸರ್, ಫೈಲ್ ಮಾತ್ರ ಕಾಪಿ ಮಾಡಿಕೊಟ್ರೆ ಸಾಕಾಗಲ್ಲಂತೆ. ಆ ಕಂಪ್ಯೂಟರೇ ಎದ್ದು ಬರಬೇಕು ಅಂತಿದ್ದಾರೆ ಅಬ್ಬಾ" ಎಂದ.

ಅವರ ಮಾತಿನಲ್ಲಿ ಅರ್ಥವಿತ್ತು. ಹತ್ತು ಹನ್ನೆರಡು ವರ್ಷಗಳ ಮದುವೆ ಕಾರ್ಡು, ಶಾಲಾ ವಾರ್ಷಿಕೋತ್ಸವದ ಆಮಂತ್ರಣ, ಸಂಘಗಳ ವರದಿ ಪುಸ್ತಕ ಎಲ್ಲ ಪೇಜ್‌ಮೇಕರಿನಲ್ಲಿದ್ದವು. ಪೇಜ್‌ಮೇಕರಿನ 7ನೇ ಆವೃತ್ತಿ ಬಂದದ್ದು 2001ರಲ್ಲಿ, 8ನೆಯದು ಬರಲೇ ಇಲ್ಲ. ಕನ್ನಡಕ್ಕೆ ಬಳಸಿದ್ದು ಯುನಿಕೋಡ್ ಅಲ್ಲದ ಹಳೆಯ ನುಡಿ ಮತ್ತು ಶ್ರೀಲಿಪಿ ಫಾಂಟುಗಳು, ಉರ್ದುವಿಗೆ ಇನ್‌ಪೇಜ್. ಈ ಫೈಲುಗಳನ್ನು ಹೊಸ ಯಂತ್ರಕ್ಕೆ ನಕಲು ಮಾಡಿದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮದುವೆ ತಿಂಗಳು ಎದುರಿಗಿತ್ತು. ಮುಂಗಡ ಪಡೆದ ಕೆಲಸಗಳೆಲ್ಲ ಆ ಡಿಸ್ಕಿನಲ್ಲಿದ್ದವು.

ಮೊದಲು ಇಡೀ ಡಿಸ್ಕಿನ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿ, ಮೂಲವನ್ನು ಅವನ ಕೈಗೇ ವಾಪಸು ಕೊಟ್ಟೆ. ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆ. ಡಿಸ್ಕಿನಲ್ಲಿದ್ದದ್ದು ವಿಂಡೋಸ್ 7. ಅವರು ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರ ಇಂಟೆಲ್ 4ನೇ ತಲೆಮಾರಿನದ್ದು, ಅದು ಒಳ್ಳೆಯದೇ ಆಯಿತು. 6ನೇ ತಲೆಮಾರಿನ ಯಂತ್ರವಾಗಿದ್ದರೆ ಅದರ ಯುಎಸ್‌ಬಿ ವ್ಯವಸ್ಥೆಗೆ ಬೇಕಾದ ಡ್ರೈವರ್ ವಿಂಡೋಸ್ 7ರಲ್ಲಿ ಇಲ್ಲದ ಕಾರಣ, ಬೂಟ್ ಆದರೂ ಕೀಬೋರ್ಡ್, ಮೌಸ್ ನಡೆಯದೆ ಸುಮ್ಮನೆ ನೋಡುತ್ತಾ ಕೂರಬೇಕಾಗುತ್ತಿತ್ತು.

ಲೆಗಸಿ ಆಯ್ಕೆ ಆನ್ ಮಾಡಿದ ಕೂಡಲೇ ಕಪ್ಪು ಪರದೆ ಹೋಗಿ ವಿಂಡೋಸ್ ಗುರುತು ಬಂತು, ಹಿಂದೆಯೇ ನೀಲಿ ಪರದೆಯೂ ಬಂತು. ಕೆಳಗೆ ಸಂಕೇತ ಸಂಖ್ಯೆ: ಸೊನ್ನೆಗಳ ಸಾಲಿನ ಕೊನೆಯಲ್ಲಿ 7ಬಿ. ಇದರ ಅರ್ಥ "ಬೂಟ್ ಡಿಸ್ಕನ್ನು ತಲುಪಲಾಗುತ್ತಿಲ್ಲ" ಎಂದು. ಡಿಸ್ಕಿನಿಂದಲೇ ಓದಿಕೊಂಡು ಎದ್ದ ವಿಂಡೋಸ್, ಡಿಸ್ಕ್ ಕಾಣುತ್ತಿಲ್ಲ ಎನ್ನುತ್ತಿದೆ! ಹುಡುಗ ನಕ್ಕ. ಆದರೆ ಇಬ್ಬರು ಓದುವವರ ವಿಷಯ ನೆನಪಿದ್ದರೆ ಇದರಲ್ಲಿ ಒಗಟಿಲ್ಲ. ಫರ್ಮ್‌ವೇರ್ ಓದಿತು, ಕರ್ನಲ್ಲಿಗೆ ಓದಲಾಗಲಿಲ್ಲ.

ಕಾರಣ ಹೀಗೆ. ಸಾಟಾ ಡಿಸ್ಕಿನೊಡನೆ ಮಾತಾಡಲು ಮದರ್‌ಬೋರ್ಡಿನಲ್ಲಿ ಬೇರೆ ಬೇರೆ ವಿಧಾನಗಳಿವೆ: ಹಳೆಯ ಐಡಿಇ, ಆಮೇಲಿನ ಎಎಚ್‌ಸಿಐ, ಹಲವು ಡಿಸ್ಕ್ ಸೇರಿಸುವ ರೇಡ್. ಒಂದೊಂದಕ್ಕೂ ಬೇರೆ ಡ್ರೈವರ್. ಇನ್‌ಸ್ಟಾಲ್ ಆಗುವಾಗ ಯಾವ ವಿಧಾನ ಕಂಡಿತೋ ಅದರ ಡ್ರೈವರನ್ನು ಮಾತ್ರ ವಿಂಡೋಸ್ 7 "ಬೂಟ್ ಸಮಯದಲ್ಲೇ ಬೇಕು" ಎಂದು ಗುರುತು ಹಾಕಿಕೊಳ್ಳುತ್ತದೆ. ಉಳಿದವು ಡಿಸ್ಕಿನಲ್ಲಿ ಇದ್ದರೂ ನಿದ್ದೆಯಲ್ಲಿರುತ್ತವೆ. ಅಂಗಡಿಯ ಹಳೆಯ ಯಂತ್ರ ಐಡಿಇ ವಿಧಾನದಲ್ಲಿತ್ತು, ಹೊಸದು ಎಎಚ್‌ಸಿಐ.

ಸೆಟಪ್‌ಗೆ ಹೋಗಿ ಹಳೆಯ ವಿಧಾನಕ್ಕೇ ಬದಲಿಸುವುದು ಎಲ್ಲಕ್ಕಿಂತ ಸುಲಭ, ಮೊದಲು ನೋಡಬೇಕಾದದ್ದೂ ಅದನ್ನೇ. ಆ ಯಂತ್ರದಲ್ಲಿ ಐಡಿಇ ಆಯ್ಕೆ ಇರಲಿಲ್ಲ. ಆದ್ದರಿಂದ ಮಲಗಿದ್ದ ಡ್ರೈವರನ್ನು ಹೊರಗಿನಿಂದ ಎಬ್ಬಿಸಬೇಕಾಯಿತು. ಇನ್‌ಸ್ಟಾಲ್ ಪೆನ್‌ಡ್ರೈವಿನ ರಿಪೇರಿ ವಿಭಾಗದಿಂದ ರಿಜಿಸ್ಟ್ರಿ ಎಡಿಟರ್ ತೆರೆದು, ಡಿಸ್ಕಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಂ32, ಅದರೊಳಗೆ ಕಾನ್ಫಿಗ್, ಅಲ್ಲಿರುವ 'ಸಿಸ್ಟಂ' ಎಂಬ ಫೈಲನ್ನು 'ಲೋಡ್ ಹೈವ್' ಮೂಲಕ ತೆರೆದೆವು. 'ಸೆಲೆಕ್ಟ್' ಎಂಬಲ್ಲಿ ಯಾವ ಕಂಟ್ರೋಲ್ ಸೆಟ್ ಬಳಕೆಯಲ್ಲಿದೆ ಎಂದು ನೋಡಿ, ಅದರ ಸರ್ವಿಸಸ್ ಪಟ್ಟಿಯಲ್ಲಿ 'ಎಂಎಸ್ ಎಎಚ್‌ಸಿಐ' ಹುಡುಕಿದೆವು. ಅದರ 'ಸ್ಟಾರ್ಟ್' ಮೌಲ್ಯ 3 ಇತ್ತು. 3 ಎಂದರೆ ಕರೆದಾಗ ಮಾತ್ರ ಬಾ, 0 ಎಂದರೆ ಬೂಟ್ ಸಮಯದಲ್ಲೇ ಬಾ. ಹುಡುಗನ ಕೈಯಲ್ಲೇ 3ನ್ನು ಅಳಿಸಿ 0 ಬರೆಸಿದೆ. ಹೈವ್ ಮುಚ್ಚಿ ರೀಸ್ಟಾರ್ಟ್ ಮಾಡಿದಾಗ ಅವನ ಅಬ್ಬಾರ ಡೆಸ್ಕ್‌ಟಾಪ್, ಅದೇ ಗುಲಾಬಿ ಹೂವಿನ ಚಿತ್ರದೊಂದಿಗೆ ಬಂತು.

ಎಲ್ಲವೂ ಅಲ್ಲಿಗೇ ಮುಗಿಯಲಿಲ್ಲ. ನೆಟ್‌ವರ್ಕ್ ಮತ್ತು ಡಿಸ್‌ಪ್ಲೇ ಡ್ರೈವರುಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಬೇಕಾಯಿತು. ವಿಂಡೋಸ್ ಆಕ್ಟಿವೇಶನ್ ಕೂಡ ಕೇಳಿತು. ಕಂಪ್ಯೂಟರಿನ ಜೊತೆ ಬರುವ ಲೈಸೆನ್ಸ್ ಆ ಮದರ್‌ಬೋರ್ಡಿಗೆ ಕಟ್ಟಿದ್ದು, ಡಿಸ್ಕಿನೊಂದಿಗೆ ನಡೆದು ಬರುವುದಿಲ್ಲ. ಇದು ರಿಪೇರಿಯಿಂದ ಬಗೆಹರಿಯುವ ವಿಷಯವಲ್ಲ, ಲೈಸೆನ್ಸ್ ಕೊಳ್ಳಬೇಕು ಎಂದು ಅವರಿಗೆ ನೇರವಾಗಿಯೇ ಹೇಳಿದೆ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿರುವುದರಿಂದ ಆ ಯಂತ್ರಕ್ಕೆ ಇಂಟರ್ನೆಟ್ ಕೊಡಬೇಡಿ, ಕಾರ್ಡ್ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ ಎಂದೂ ಹೇಳಿದೆ.

ವಿಂಡೋಸ್ 8, 10, 11ರಲ್ಲಿ ಈ ತೊಂದರೆ ಕಡಿಮೆ, ಆದರೆ ಇಲ್ಲವೆಂದಲ್ಲ. ರೇಡ್ ವಿಧಾನದ ಯಂತ್ರದಿಂದ ಎಎಚ್‌ಸಿಐ ಯಂತ್ರಕ್ಕೆ ಬಂದಾಗ ಅದೇ ನೀಲಿ ಪರದೆ ಕಾಣುತ್ತದೆ. ಅಲ್ಲಿ ರಿಜಿಸ್ಟ್ರಿಗೆ ಕೈಹಾಕುವ ಮುಂಚೆ ಸೇಫ್ ಮೋಡ್ ಪ್ರಯತ್ನಿಸಿ. ಎರಡು ಮೂರು ಸಲ ಬೂಟ್ ಸೋತ ಮೇಲೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ 4 ಒತ್ತಿದರೆ ಸೇಫ್ ಮೋಡ್. ಆ ಸ್ಥಿತಿಯಲ್ಲಿ ವಿಂಡೋಸ್ ತನ್ನ ಬಳಿ ಇರುವ ಡಿಸ್ಕ್ ಡ್ರೈವರುಗಳನ್ನು ಹೆಚ್ಚು ಉದಾರವಾಗಿ ಪ್ರಯತ್ನಿಸುತ್ತದೆ. ಒಮ್ಮೆ ಹಾಗೆ ಎದ್ದರೆ ಸರಿಯಾದ ಡ್ರೈವರಿಗೆ ಗುರುತು ಬೀಳುತ್ತದೆ, ಮುಂದಿನ ಸಲ ಮಾಮೂಲಾಗಿ ಬೂಟ್ ಆಗುತ್ತದೆ. ಇಂಟೆಲ್ 11ನೇ ತಲೆಮಾರು ಮತ್ತು ಈಚಿನ ಹಲವು ಯಂತ್ರಗಳಲ್ಲಿ 'ವಿಎಂಡಿ' ಎಂಬ ಇನ್ನೊಂದು ಪದರವಿದೆ. ಅದರ ಡ್ರೈವರ್ ಇಲ್ಲದ ವಿಂಡೋಸಿಗೆ ಡಿಸ್ಕೇ ಕಾಣುವುದಿಲ್ಲ. ಸೆಟಪ್‌ನಲ್ಲಿ ಅದನ್ನು ಆಫ್ ಮಾಡಬಹುದು. ಆದರೆ ಆ ಯಂತ್ರದಲ್ಲಿ ಮೊದಲೇ ಇದ್ದ ವಿಂಡೋಸ್ ವಿಎಂಡಿಯನ್ನು ನಂಬಿಕೊಂಡಿದ್ದರೆ ಅದು ಏಳದೆ ಹೋಗಬಹುದು, ಮತ್ತೆ ಆನ್ ಮಾಡಿದರೆ ಎದ್ದುಕೊಳ್ಳುತ್ತದೆ.

ಬೀಗ ಹಾಕಿದ ಡಿಸ್ಕ್

ಮೇಲಿನ ಎಲ್ಲಕ್ಕೂ ಪರಿಹಾರವಿದೆ. ಪರಿಹಾರವಿಲ್ಲದ ಒಂದು ಸಂಗತಿಯೂ ಇದೆ. ಹೊಸ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ಇದನ್ನು ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಇದು ನಿಮ್ಮ ಗಮನಕ್ಕೆ ಬಾರದೆಯೇ ಶುರುವಾಗಿರುತ್ತದೆ. ದಿನಾ ಬೀಗ ತೆಗೆದುಕೊಡುವುದು ಮದರ್‌ಬೋರ್ಡಿನ ಟಿಪಿಎಂ ಎಂಬ ಚಿಪ್. ಅದಕ್ಕೇ ನಿಮಗೆ ಬೀಗ ಇರುವುದೇ ತಿಳಿಯುವುದಿಲ್ಲ. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದ ದಿನ ಆ ಚಿಪ್ ಹಿಂದೆ ಉಳಿಯುತ್ತದೆ, ಪರದೆ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಯುಎಸ್‌ಬಿಗೆ ಜೋಡಿಸಿ ಫೈಲ್ ನಕಲು ಮಾಡಹೊರಟರೂ ಅದನ್ನೇ ಕೇಳುತ್ತದೆ.

ಕೀಲಿ ಸಾಮಾನ್ಯವಾಗಿ ಆ ಲ್ಯಾಪ್‌ಟಾಪನ್ನು ಮೊದಲು ಶುರುಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲು ಶುರುಮಾಡಿದವರು ಅಣ್ಣನೋ ಅಂಗಡಿಯವನೋ ಆಗಿದ್ದರೆ ಕೀಲಿ ಅವರ ಖಾತೆಯಲ್ಲಿ! ಕೀಲಿ ಎಲ್ಲೂ ಸಿಗದಿದ್ದರೆ ಆ ಫೈಲುಗಳು ಹೋದಂತೆಯೇ. ಹಣ ಕೊಟ್ಟರೆ ತೆಗೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. 48 ಅಂಕಿಗಳನ್ನು ಊಹಿಸಿ ಹೊಡೆಯುವುದು ಯಾವ ಕಂಪ್ಯೂಟರಿನಿಂದಲೂ ಆಗುವ ಮಾತಲ್ಲ. ಹಾಗಾಗಿ ಲ್ಯಾಪ್‌ಟಾಪ್ ಸರಿಯಾಗಿರುವ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ, ಇದ್ದರೆ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯ ದಾಖಲೆಪತ್ರಗಳ ಜೊತೆ ಇಡಿ. ಡಿಸ್ಕ್ ಬದಲಾಯಿಸುವುದು ಮೊದಲೇ ಗೊತ್ತಿದ್ದರೆ ಬಿಟ್‌ಲಾಕರನ್ನು ಪೂರ್ತಿ ಆಫ್ ಮಾಡಿ, ಡಿಸ್ಕ್ ಬಿಡಿಸಿಕೊಳ್ಳುವವರೆಗೆ ಕಾಯ್ದು, ಆಮೇಲೆ ಕೀಳಿ.

ಲಿನಕ್ಸ್ ಡಿಸ್ಕ್

ಲಿನಕ್ಸ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಉಬುಂಟುವಿನಂಥವು ಬಹುತೇಕ ಡಿಸ್ಕ್ ಡ್ರೈವರುಗಳನ್ನು ಬೂಟ್ ಸಮಯದಲ್ಲೇ ಜೊತೆಗಿಟ್ಟುಕೊಳ್ಳುವುದರಿಂದ ಡಿಸ್ಕ್ ಬೇರೆ ಯಂತ್ರದಲ್ಲೂ ಸಾಮಾನ್ಯವಾಗಿ ಸುಮ್ಮನೆ ಎದ್ದುಬಿಡುತ್ತದೆ. ಏಳದಿದ್ದರೆ 'ಎಫ್ಎಸ್‌ಟ್ಯಾಬ್' ಫೈಲನ್ನು ಮೊದಲು ನೋಡಿ. ಹಳೆಯ ಯಂತ್ರದಲ್ಲಿ ಎರಡನೇ ಡಿಸ್ಕ್ ಇದ್ದು ಅದರ ಹೆಸರು ಈ ಫೈಲಿನಲ್ಲಿದ್ದರೆ, ಉಬುಂಟು ಆ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾಯ್ದು, ಬರದಿದ್ದಾಗ ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ. ಆ ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಸಾಕು. ಗ್ರಬ್ ಕಾಣದಿದ್ದರೆ ಲೈವ್ ಪೆನ್‌ಡ್ರೈವಿನಿಂದ ಎದ್ದು ಗ್ರಬ್ ಅನ್ನು ಮತ್ತೆ ಹಾಕಬೇಕು. ಅದರ ಕ್ರಮವೂ ಬೋರ್ಡಿನ ಹಾಳೆಯಲ್ಲಿದೆ.

ಡಿಸ್ಕ್ ಕದಲದೆಯೂ ಬರುವ ರೋಗ

ಕೊನೆಯದಾಗಿ ಒಂದು ವಿಚಿತ್ರ. ಡಿಸ್ಕನ್ನು ಯಾರೂ ಮುಟ್ಟಿಲ್ಲ, ಯಂತ್ರವೂ ಅದೇ. ಬೇಸಿಗೆ ರಜೆ ಮುಗಿಸಿ ಬಂದು ಆನ್ ಮಾಡಿದರೆ ಮೇಲೆ ಹೇಳಿದ ಅದೇ ಕಪ್ಪು ಪರದೆ, ಇಲ್ಲವೇ ಅದೇ 7ಬಿ ನೀಲಿ ಪರದೆ. ಗಡಿಯಾರ ಎಷ್ಟೋ ವರ್ಷ ಹಿಂದಿನ ಜನವರಿ 1 ತೋರಿಸುತ್ತಿದ್ದರೆ ಕಾರಣ ಗೊತ್ತಾಯಿತು ಎಂದುಕೊಳ್ಳಿ. ಅನೇಕ ಯಂತ್ರಗಳಲ್ಲಿ ಗಡಿಯಾರವನ್ನೂ ಸೆಟಪ್‌ನ ಆಯ್ಕೆಗಳನ್ನೂ ಉಳಿಸಿಕೊಂಡಿರುವುದು ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಸ್ವಿಚ್ ಬೋರ್ಡಿನಲ್ಲೇ ಕರೆಂಟ್ ತೆಗೆದಿಟ್ಟ ಯಂತ್ರದಲ್ಲಿ ರಜೆಯುದ್ದಕ್ಕೂ ಇದೊಂದೇ ಆಧಾರ. ಅದು ಮುಗಿದರೆ ಸೆಟಪ್ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತದೆ, ಲೆಗಸಿ ಇದ್ದದ್ದು ಯುಇಎಫ್ಐ ಆಗುತ್ತದೆ, ಐಡಿಇ ಇದ್ದದ್ದು ಎಎಚ್‌ಸಿಐ ಆಗುತ್ತದೆ. ವಿಂಡೋಸಿನ ದೃಷ್ಟಿಯಲ್ಲಿ ಅದು ಹೊಸ ಯಂತ್ರವೇ ಸರಿ.

ಬ್ಯಾಟರಿಯ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ, ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಹೊಸದು ಹಾಕಿದ ಮೇಲೆ ಆಯ್ಕೆಗಳನ್ನು ಮೊದಲಿನಂತೆ ಮಾಡಬೇಕು. ಮೊದಲು ಹೇಗಿತ್ತು ಎಂದು ನೆನಪಿರುವುದಿಲ್ಲವಾದ್ದರಿಂದ, ಲ್ಯಾಬಿನ ಪ್ರತಿ ಯಂತ್ರದ ಸೆಟಪ್ ಪರದೆಗಳ ಫೋಟೊ ತೆಗೆದು, ಬೂಟ್ ವಿಧಾನ, ಸಾಟಾ ವಿಧಾನ, ಸೆಕ್ಯೂರ್ ಬೂಟ್ ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸಿದ್ದೇವೆ. ಮನೆಯ ಯಂತ್ರಕ್ಕೂ ಒಂದು ಚೀಟಿ ಬೇಕಾದವರು ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬಿಗೆ ಬಂದರೆ ಮಾದರಿ ಕೊಡುತ್ತೇನೆ.